ಕ್ವಾರ್ಟರ್‌ಬ್ಯಾಕ್ ಯಾರೆಂದು ಕೋಚ್ ಹೇಳಲಿ: ಅಮೆರಿಕದ ಕನ್ನಡ ಬಂಧುಗಳಿಗೆ ಒಂದು ಬಹಿರಂಗ ಪತ್ರ

ಇಲ್ಲಿ ನೆಲೆಸಿರುವ ಕನ್ನಡ ಬಂಧುಗಳಿಗೆ, ಅದರಲ್ಲೂ ನಮ್ಮ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳಿಗೆ, ಸೀಸನ್ ಟಿಕೆಟ್ ಇಟ್ಟುಕೊಂಡವರಿಗೆ, ಅಥ್ಲೆಟಿಕ್ ವಿಭಾಗಕ್ಕೆ ವರ್ಷವರ್ಷವೂ ದೇಣಿಗೆ ಕೊಡುವವರಿಗೆ ನಮಸ್ಕಾರ.

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಮನವಿ ಬಂತು. ನಮ್ಮ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ಎರಡನೇ ಶನಿವಾರವೂ ಸೋತ ಮರುದಿನ ಅದು. ಅಥ್ಲೆಟಿಕ್ ಡೈರೆಕ್ಟರ್ ಮತ್ತು ಆಡಳಿತ ಮಂಡಳಿಯವರು ಹೆಡ್ ಕೋಚ್‌ಗೆ ಹೇಳಿ, ಈಗ ಆಡುತ್ತಿರುವ ಕ್ವಾರ್ಟರ್‌ಬ್ಯಾಕನ್ನು (ಚೆಂಡು ಎಸೆದು ತಂಡದ ಆಟ ನಡೆಸುವವನನ್ನು) ಬೆಂಚಿಗೆ ಕಳಿಸಿ, ಈ ವರ್ಷ ಸೇರಿದ ಫ್ರೆಶ್‌ಮನ್ ಹುಡುಗನನ್ನು ಇಳಿಸಬೇಕು. ಇಲ್ಲದಿದ್ದರೆ ಮುಂದಿನ ವರ್ಷದಿಂದ ದೇಣಿಗೆ ಇಲ್ಲ. ಇದು ಅದರ ಸಾರ. ಸಹಿ ಹಾಕಿದವರಲ್ಲಿ ಹನ್ನೆರಡು ಮಂದಿ ನಮ್ಮವರು. ಮೂವರು ನನಗೂ ಫೋನ್ ಮಾಡಿ, "ಸಾರ್, ನೀವು ಹಳಬರು, ನಿಮ್ಮ ಹೆಸರಿದ್ದರೆ ತೂಕ ಬರುತ್ತೆ" ಅಂದರು.

ನಾನು ಸಹಿ ಹಾಕಲಿಲ್ಲ. ಯಾಕೆ ಅಂತ ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ವಿಶ್ವವಿದ್ಯಾಲಯದ ಹೆಸರಾಗಲಿ ಆ ಇಬ್ಬರು ಹುಡುಗರ ಹೆಸರಾಗಲಿ ಇಲ್ಲಿ ಬರುವುದಿಲ್ಲ. ಅಕ್ಟೋಬರ್ ಬಂತೆಂದರೆ ಈ ದೇಶದ ಎಷ್ಟೋ ಊರುಗಳಲ್ಲಿ ಇಂಥ ಮನವಿಗಳು ಓಡಾಡುತ್ತವೆ. ನನ್ನ ಮಾತು ಆ ಊರುಗಳಿಗೂ ಸಲ್ಲುತ್ತದೆ.

ಗುಂಪಿನಲ್ಲಿ ಈಚೆಗೆ ಬಂದವರೂ ಇರುವುದರಿಂದ ಮೊದಲು ಆಟದ ಬಗ್ಗೆ ಒಂದೆರಡು ಮಾತು. ಎಂ.ಎಸ್. ಮಾಡಲು ಬಂದ ಮೊದಲ ವರ್ಷ ನನಗೆ ಇದರಲ್ಲಿ ಗುದ್ದಾಟ ಬಿಟ್ಟು ಬೇರೇನೂ ಕಾಣಿಸಲಿಲ್ಲ. ಎರಡನೇ ವರ್ಷ ನನ್ನ ರೂಮ್‌ಮೇಟ್ ಹೇಳಿದ: ಚೆಂಡನ್ನು ನೋಡಬೇಡ, ಚೆಂಡು ಬರುವ ಮುಂಚೆ ಕ್ವಾರ್ಟರ್‌ಬ್ಯಾಕ್ ಏನು ಮಾಡುತ್ತಾನೆ ನೋಡು. ಅಂದಿನಿಂದ ನನಗೆ ಈ ಆಟ ಹಿಡಿಯಿತು. ಎದುರಿನ ಹನ್ನೊಂದು ಜನ ಹೇಗೆ ನಿಂತಿದ್ದಾರೆ ಅಂತ ಅವನು ಓದುತ್ತಾನೆ. ಬೇಕಾದರೆ ನಿಂತಲ್ಲೇ ಕೂಗಿ ಯೋಜನೆ ಬದಲಿಸುತ್ತಾನೆ. ಮುಂದೆ ಬಗ್ಗಿ ನಿಂತ ಸೆಂಟರ್ ಎಂಬ ಆಟಗಾರ ಕಾಲುಗಳ ನಡುವಿನಿಂದ ಚೆಂಡು ಕೊಟ್ಟ ಮೇಲೆ ಅವನಿಗಿರುವುದು ಎರಡೂವರೆ, ಮೂರು ಸೆಕೆಂಡು. ಅಷ್ಟರಲ್ಲಿ ಎಸೆಯಬೇಕು, ಅದೂ ಚೆಂಡು ಹಿಡಿಯಲು ಓಡುತ್ತಿರುವ ರಿಸೀವರ್ ಇನ್ನೂ ತಲುಪದ ಜಾಗಕ್ಕೆ. ಅನೇಕ ಸಲ ರಿಸೀವರ್ ತಿರುಗಿ ನೋಡುವ ಮೊದಲೇ ಚೆಂಡು ಕೈಬಿಟ್ಟಿರುತ್ತದೆ. ಇಂಥ ಹೊಂದಾಣಿಕೆ ನೂರಾರು ಸಲ ಒಟ್ಟಿಗೆ ಅಭ್ಯಾಸ ಮಾಡಿದರೆ ಮಾತ್ರ ಬರುವಂಥದ್ದು. ಸೀಸನ್ ನಡೆಯುವಾಗ ಕಾಲೇಜು ಆಟಗಾರರಿಗೆ ನಿಯಮದ ಪ್ರಕಾರ ವಾರಕ್ಕೆ 20 ಗಂಟೆ ಮಾತ್ರ ಕಡ್ಡಾಯ ಅಭ್ಯಾಸ. ಅದರೊಳಗೆ ಮುಖ್ಯ ತಂಡದ ಜೊತೆ ಚೆಂಡು ಹಿಡಿಯುವ ಅವಕಾಶವನ್ನು ಇಬ್ಬರಿಗೆ ಹಂಚಿದರೆ ಇಬ್ಬರೂ ಅರ್ಧ ತಯಾರಾಗುತ್ತಾರೆ. ಒಬ್ಬ ಎಡಗೈಯವನಾದರೆ ಚೆಂಡು ತಿರುಗುವ ದಿಕ್ಕೇ ಬೇರೆ, ಅವನ ಬೆನ್ನು ಕಾಯಬೇಕಾದವನೂ ಬೇರೆ. ಹಾಗಾಗಿ ಕೋಚ್ ಒಬ್ಬನನ್ನು ಆರಿಸಲೇಬೇಕು. ಆರಿಸುವುದೆಂದರೆ ಉಳಿದ ಹತ್ತು ಜನರ ಇಡೀ ವಾರವನ್ನು ಆ ಒಬ್ಬನ ಸುತ್ತ ಕಟ್ಟುವುದು.

ನಾವು ನೋಡುವುದು ಶನಿವಾರದ ಅರವತ್ತು ಎಪ್ಪತ್ತು ಸ್ನ್ಯಾಪ್, ಅಂದರೆ ಸೆಂಟರ್ ಚೆಂಡು ಕೊಡುವ ಅಷ್ಟು ಸಲ ಮಾತ್ರ. ಕೋಚ್ ಕಣ್ಣಿಗೆ ಮಂಗಳವಾರ, ಬುಧವಾರಗಳೂ ಬೀಳುತ್ತವೆ. ವಿಡಿಯೊ ಹಾಕಿ ಕೂತಾಗ ಯಾರಿಗೆ ಉತ್ತರ ಗೊತ್ತಿತ್ತು, ಒಂದು ಪಾಸ್ ಎದುರಾಳಿಯ ಕೈಸೇರಿದ ಮೇಲೆ ಯಾರ ಮುಖ ಬಾಡಿತು, ತಂಡ ಗುಂಪಾಗಿ ತಲೆ ಸೇರಿಸುವ ಹಡಲ್‌ನಲ್ಲಿ ಮಾತಾಡಿದರೆ ಉಳಿದವರು ಯಾರ ಕಡೆ ತಲೆಯೆತ್ತುತ್ತಾರೆ, ಯಾರ ಭುಜ ನೋಯುತ್ತಿದೆ ಆದರೆ ಹೊರಗೆ ಹೇಳುವಂತಿಲ್ಲ, ಇವೆಲ್ಲ ಅವರಿಗೆ ಗೊತ್ತು. ನಮ್ಮ ಮನವಿಯಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಅಲ್ಲಿರುವುದು ಹೈಸ್ಕೂಲಿನಲ್ಲಿ ಆ ಹುಡುಗನ ಆಟಕ್ಕೆ ಐದರಲ್ಲಿ ಎಷ್ಟು ಸ್ಟಾರ್ ಸಿಕ್ಕಿತ್ತು, ಅವನಿಗೆ ಎಷ್ಟು ಹಣ ಕೊಟ್ಟಿದ್ದಾರಂತೆ, ಈಗಿನವನ ಪಾಸ್‌ಗಳಲ್ಲಿ ಜೊತೆಗಾರರ ಕೈಸೇರಿದ್ದು ಶೇಕಡಾ ಎಷ್ಟು, ಇಷ್ಟೇ.

ಜಾರ್ಜಿಯಾದ 2021ರ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮ ಮನವಿಯಂಥದ್ದೇ ಕೂಗು ಅಲ್ಲೂ ಎದ್ದಿತ್ತು.

ಜಾರ್ಜಿಯಾ ವಿಶ್ವವಿದ್ಯಾಲಯ ಅದಕ್ಕೂ ಮುಂಚೆ ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದು 1980ರಲ್ಲಿ. ಕ್ಯಾಲಿಫೋರ್ನಿಯಾದಿಂದ ಬಂದಿದ್ದ ಜೆ.ಟಿ. ಡೇನಿಯಲ್ಸ್ 2021ರ ಸೀಸನ್ನನ್ನು ಕ್ವಾರ್ಟರ್‌ಬ್ಯಾಕ್ ಆಗಿ ಶುರು ಮಾಡಿದರು. ಹೈಸ್ಕೂಲಿನಿಂದಲೇ ಐದು ಸ್ಟಾರ್, ಎತ್ತರದ ಆಳು, ಕೈಯಲ್ಲಿ ಬಲ. ಅವರಿಗೆ ಪೆಟ್ಟಾದಾಗ ಬಂದವರು ಸ್ಟೆಟ್ಸನ್ ಬೆನೆಟ್. ಬ್ಲ್ಯಾಕ್‌ಶಿಯರ್ ಎಂಬ ಸಣ್ಣ ಊರಿನವರು. ಎತ್ತರ 5 ಅಡಿ 11 ಅಂಗುಲ. 2017ರಲ್ಲಿ ಸ್ಕಾಲರ್‌ಶಿಪ್ ಇಲ್ಲದೆ, ಇಲ್ಲಿನವರು 'ವಾಕ್ ಆನ್' ಅನ್ನುತ್ತಾರಲ್ಲ ಹಾಗೆ, ತಂಡ ಸೇರಿದರು. ಆಡಲು ಜಾಗ ಸಿಗದೆ ಮಿಸಿಸಿಪ್ಪಿಯ ಒಂದು ಜೂನಿಯರ್ ಕಾಲೇಜಿಗೆ ಹೋಗಿ ಒಂದು ವರ್ಷ ಆಡಿ, 2019ರಲ್ಲಿ ವಾಪಸ್ ಬಂದವರು. ಡೇನಿಯಲ್ಸ್ ಚೇತರಿಸಿಕೊಂಡ ಮೇಲೂ ಕೋಚ್ ಕರ್ಬಿ ಸ್ಮಾರ್ಟ್ ಬೆನೆಟ್‌ರನ್ನು ಬಿಡಲಿಲ್ಲ. ತಂಡ ಗೆಲ್ಲುತ್ತಾ ಹೋಯಿತು, ಆದರೆ ಗೊಣಗಾಟ ನಿಲ್ಲಲಿಲ್ಲ. ಡಿಫೆನ್ಸ್ ಗೆಲ್ಲಿಸುತ್ತಿದೆ, ಈ ಹುಡುಗನಿಂದ ಏನೂ ಇಲ್ಲ ಅನ್ನುತ್ತಿದ್ದರು. ಡಿಸೆಂಬರ್ 4ರಂದು ಎಸ್‌ಇಸಿ (ದಕ್ಷಿಣದ ವಿಶ್ವವಿದ್ಯಾಲಯಗಳ ಕಾನ್ಫರೆನ್ಸ್) ಫೈನಲ್‌ನಲ್ಲಿ ಅಲಬಾಮಾ ಎದುರು 41-24ರಿಂದ ಸೋತಾಗ ಬೆನೆಟ್ ಎರಡು ಪಾಸ್‌ಗಳನ್ನು ಎದುರಾಳಿಗೆ ಒಪ್ಪಿಸಿದ್ದರು. ಆಮೇಲೆ ಕೇಳಬೇಕೆ? ರೇಡಿಯೊ, ಟಿವಿ, ಮಾಜಿ ಆಟಗಾರರು, ಎಲ್ಲ ಕಡೆ ಒಂದೇ ಪ್ರಶ್ನೆ: ಡೇನಿಯಲ್ಸ್ ಎಲ್ಲಿ?

ಸ್ಮಾರ್ಟ್ ಕದಲಲಿಲ್ಲ. ಡಿಸೆಂಬರ್ 31ರ ಸೆಮಿಫೈನಲ್‌ನಲ್ಲಿ ಮಿಷಿಗನ್ ಮೇಲೆ 34-11. ಜನವರಿ 10, 2022ರ ರಾತ್ರಿ ಇಂಡಿಯಾನಾಪೊಲಿಸ್‌ನಲ್ಲಿ ಮತ್ತೆ ಅದೇ ಅಲಬಾಮಾ. ನಾಲ್ಕನೇ ಕ್ವಾರ್ಟರಿನಲ್ಲಿ ಬೆನೆಟ್ ಕೈಯಿಂದ ಚೆಂಡು ಜಾರಿತು. ಅಲಬಾಮಾ ಅದನ್ನು ಟಚ್‌ಡೌನ್ ಮಾಡಿ, ಅಂದರೆ ಎದುರಾಳಿಯ ಕೊನೆಯ ಗೆರೆ ದಾಟಿಸಿ, 18-13ಕ್ಕೆ ಏರಿತು. ಆ ಹೊತ್ತಿನಲ್ಲಿ ನಮ್ಮ ಮನವಿ ಬರೆದವರು ಸ್ಮಾರ್ಟ್ ಪಕ್ಕ ನಿಂತಿದ್ದರೆ ಏನು ಹೇಳುತ್ತಿದ್ದರು ಯೋಚಿಸಿ. ಆ ಸಂಜೆ ನನ್ನ ಮನೆಯ ಸೋಫಾದಲ್ಲಿ ಕೂತು ನಾನೇ "ತೆಗೀರಪ್ಪ ಅವನನ್ನ" ಅಂದಿದ್ದೆ. ಸ್ಮಾರ್ಟ್ ತೆಗೆಯಲಿಲ್ಲ. ಮುಂದಿನ ಸರದಿಯಲ್ಲೇ ಬೆನೆಟ್ 40 ಗಜದ ಪಾಸ್ ಎಸೆದರು, ಅಡೋನಾಯ್ ಮಿಚೆಲ್ ಅದನ್ನು ಹಿಡಿದು ಟಚ್‌ಡೌನ್. ಅದಾದ ಮೇಲೆ ಬ್ರಾಕ್ ಬೌವರ್ಸ್‌ಗೆ ಇನ್ನೊಂದು. ಕೊನೆಗೆ 33-18. ಆಟ ಮುಗಿಯುವ ಮೊದಲೇ ಬೆನೆಟ್ ಗೆರೆಯಾಚೆ ನಿಂತು ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಮುಂದಿನ ವರ್ಷವೂ ಅವರದೇ ತಂಡ, ಮತ್ತೆ ಪ್ರಶಸ್ತಿ, ಫೈನಲ್‌ನಲ್ಲಿ 65-7.

ಕೋಚ್ ಹೇಳಿದ್ದೆಲ್ಲ ಸರಿಯಾಗುತ್ತದೆ ಅಂತ ತೋರಿಸಲು ಇದನ್ನು ಹೇಳಲಿಲ್ಲ. ಒಂದು ತಪ್ಪು ನಡೆದ ಗಳಿಗೆಯಲ್ಲಿ ಆ ಹುಡುಗನ ಬಗ್ಗೆ ನನಗಿಂತ ಹೆಚ್ಚು ಗೊತ್ತಿದ್ದವರು ಮೈದಾನದಲ್ಲಿ ಒಬ್ಬರಿದ್ದರು, ಅವರ ಮೇಲೆ ಯಾವ ಕೈಯೂ ಇರಲಿಲ್ಲ. ಹೇಳಬೇಕಾದ್ದು ಅಷ್ಟು.

ಇದಕ್ಕೆ ವಿರುದ್ಧವಾದ ಕತೆಯೂ ಉಂಟು. ಜನವರಿ 8, 2018, ಅಟ್ಲಾಂಟಾ, ರಾಷ್ಟ್ರೀಯ ಫೈನಲ್. ಅಲಬಾಮಾದ ಕ್ವಾರ್ಟರ್‌ಬ್ಯಾಕ್ ಜೇಲೆನ್ ಹರ್ಟ್ಸ್ ಅಲ್ಲಿಯವರೆಗೆ 27 ಆಟಗಳನ್ನು ಶುರು ಮಾಡಿ 25 ಗೆದ್ದವರು. ಅರ್ಧ ಆಟ ಮುಗಿದಾಗ ಜಾರ್ಜಿಯಾ 13-0 ಮುಂದಿತ್ತು. ಕೋಚ್ ನಿಕ್ ಸೇಬನ್ ಬಿಡುವಿನಲ್ಲಿ ಹರ್ಟ್ಸ್‌ರನ್ನು ಕೂರಿಸಿ, ಹವಾಯಿಯಿಂದ ಬಂದಿದ್ದ ಎಡಗೈ ಹುಡುಗ ಟುವಾ ಟಾಗೋವೈಲೋವಾನನ್ನು ಇಳಿಸಿದರು. ಅವನು ಅದುವರೆಗೆ ಆಡಿದ್ದು ಗೆಲುವು ಖಚಿತವಾದ ಆಟಗಳ ಕೊನೆಯಲ್ಲಿ ಮಾತ್ರ. ಓವರ್‌ಟೈಮ್‌ನಲ್ಲಿ 16 ಗಜ ಹಿಂದೆ ಬಿದ್ದ ಮರುಕ್ಷಣವೇ ಅವನು 41 ಗಜದ ಪಾಸ್ ಎಸೆದು 26-23ರಲ್ಲಿ ಆಟ ಮುಗಿಸಿದ. 25 ಗೆದ್ದವನನ್ನು ಫೈನಲ್ ನಡುವೆ ತೆಗೆಯಿರಿ ಅಂತ ಯಾವ ಆಡಳಿತ ಮಂಡಳಿ ಠರಾವು ಮಾಡುತ್ತಿತ್ತು? ಅದು ಸಭೆ ಕರೆದು, ಚರ್ಚಿಸಿ, ಮತ ಹಾಕಿ ಆಗುವ ಕೆಲಸವಲ್ಲ. ಇಪ್ಪತ್ತು ನಿಮಿಷದ ಬಿಡುವು, ಒಬ್ಬ ಮನುಷ್ಯ, ಅವನ ಕೆಲಸ.

ನಮ್ಮ ಕಡೆಯ ಅನುಭವವನ್ನೂ ನೆನೆಯುತ್ತೇನೆ, ಯಾಕೆಂದರೆ ಮನವಿಗೆ ಸಹಿ ಹಾಕಿದ ಸಿಟ್ಟು ನನಗೆ ಗುರುತಿದೆ. 2016ರ ಡಿಸೆಂಬರ್‌ನಲ್ಲಿ ನಮ್ಮ ಕರುಣ್ ನಾಯರ್ ಚೆನ್ನೈನಲ್ಲಿ ಇಂಗ್ಲೆಂಡ್ ಎದುರು ಅಜೇಯ 303 ಹೊಡೆದರು. ಮುಂದಿನ ಟೆಸ್ಟ್‌ನಲ್ಲಿ ಅವರಿಗೆ ಜಾಗ ಇರಲಿಲ್ಲ, ಗಾಯದಿಂದ ಮರಳಿದ ರಹಾನೆ ಆಡಿದರು. ಆಗ ತಂಡದ ಕೋಚ್ ನಮ್ಮವರೇ ಆದ ಅನಿಲ್ ಕುಂಬ್ಳೆ. ಆ ನೋವು ನನಗೆ ಇವತ್ತಿಗೂ ಇದೆ. ಕ್ರಿಕೆಟ್‌ನಲ್ಲಾದರೆ ಆಯ್ಕೆ ಸಮಿತಿ, ನಾಯಕ, ಕೋಚ್ ಅಂತ ಮೂರು ಕಡೆ ಅಧಿಕಾರ ಹಂಚಿಹೋಗಿದೆ, ಯಾರನ್ನು ಕೇಳಬೇಕು ಅನ್ನುವುದೇ ತಿಳಿಯದು. ಕಾಲೇಜು ಫುಟ್‌ಬಾಲ್‌ನಲ್ಲಿ ಹಾಗಲ್ಲ. ಹೆಡ್ ಕೋಚ್ ಅಂದರೆ ಒಂದೇ ವಿಳಾಸ. ಸೋತರೆ ಯಾರನ್ನು ಹಿಡಿಯಬೇಕು ಅಂತ ಎಲ್ಲರಿಗೂ ಗೊತ್ತು. ಆ ವಿಳಾಸವನ್ನು ಅಳಿಸಬೇಡಿ ಅಂತ ನಾನು ಕೇಳುವುದು.

ಒಂದು ಕ್ಷಣ ಯೋಚಿಸಿ. ಅಥ್ಲೆಟಿಕ್ ಡೈರೆಕ್ಟರ್ ಹೇಳಿದರೆಂದು ಕೋಚ್ ಫ್ರೆಶ್‌ಮನ್ ಹುಡುಗನನ್ನು ಇಳಿಸಿದರು, ತಂಡ ಸೋತಿತು ಅನ್ನಿ. ಆಗ ಯಾರು ಹೊಣೆ? ಕೋಚ್ "ನಾನು ಬೇಡ ಅಂದಿದ್ದೆ" ಅನ್ನುತ್ತಾರೆ. ಡೈರೆಕ್ಟರ್ "ಹಳೆಯ ವಿದ್ಯಾರ್ಥಿಗಳ ಒತ್ತಾಯ" ಅನ್ನುತ್ತಾರೆ. ಹಳೆಯ ವಿದ್ಯಾರ್ಥಿಗಳು ನಾವು, ಟಿವಿ ಆರಿಸಿ ಮಲಗುತ್ತೇವೆ. ಹದಿನೆಂಟು ವರ್ಷದ ಹುಡುಗ ಮಾತ್ರ ಸಿಕ್ಕಿಬೀಳುತ್ತಾನೆ. ಅದಕ್ಕಿಂತ ಮೊದಲು, ಕೋಚ್ ಮಾತು ಕೊನೆಯ ಮಾತಲ್ಲ ಎಂದು ಲಾಕರ್ ರೂಮಿಗೆ ಗೊತ್ತಾದ ದಿನ, ಬೆಂಚಿನಲ್ಲಿರುವ ಪ್ರತಿಯೊಬ್ಬನ ಅಪ್ಪ, ಏಜೆಂಟು, ಊರಿನ ದಾನಿ, ಎಲ್ಲರೂ ಅಥ್ಲೆಟಿಕ್ ಡೈರೆಕ್ಟರ್‌ಗೆ ಫೋನ್ ಹಚ್ಚುತ್ತಾರೆ.

ಮೇಲಿನವರು ಕೈ ಹಾಕಿದರೆ ಹೇಗಿರುತ್ತದೆ ಅಂತ ಲೂಯಿಸಿಯಾನಾದಲ್ಲಿ ನೋಡಿದ್ದೇವೆ. 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಎಲ್‌ಎಸ್‌ಯು ವಿಶ್ವವಿದ್ಯಾಲಯ ತನ್ನ ಕೋಚ್ ಬ್ರಯನ್ ಕೆಲಿಯನ್ನು ತೆಗೆಯಿತು. ಕೆಲವೇ ದಿನಗಳಲ್ಲಿ ರಾಜ್ಯದ ಗವರ್ನರ್ ಜೆಫ್ ಲ್ಯಾಂಡ್ರಿ, ಮುಂದಿನ ಕೋಚನ್ನು ಈಗಿನ ಅಥ್ಲೆಟಿಕ್ ಡೈರೆಕ್ಟರ್ ಆರಿಸುವುದಿಲ್ಲ ಅಂತ ಬಹಿರಂಗವಾಗಿ ಹೇಳಿದರು. ಡೈರೆಕ್ಟರ್ ಹುದ್ದೆ ಬಿಟ್ಟರು. ಕೋಚ್‌ಗಳಿಗೆ ಕೊಡಬೇಕಾದ ಪರಿಹಾರದ ಮೊತ್ತದ ಬಗ್ಗೆ ಗವರ್ನರ್‌ಗಿದ್ದ ಸಿಟ್ಟು ನ್ಯಾಯವಾದದ್ದೇ ಇರಬಹುದು. ಟೆಕ್ಸಸ್ ಎ ಆ್ಯಂಡ್ ಎಂ 2023ರಲ್ಲಿ ತನ್ನ ಕೋಚ್ ಜಿಂಬೊ ಫಿಶರ್ ಅವರನ್ನು ಕಳಿಸಲು 7.5 ಕೋಟಿ ಡಾಲರ್‌ಗೂ ಹೆಚ್ಚು ಒಪ್ಪಿಕೊಳ್ಳಬೇಕಾಯಿತು. ಅದು ಬೇರೆಯದೇ ದೊಡ್ಡ ಚರ್ಚೆ. ಆದರೆ ಗವರ್ನರ್ ಕೋಚನ್ನು, ದಾನಿಗಳು ಕ್ವಾರ್ಟರ್‌ಬ್ಯಾಕನ್ನು ಆರಿಸುವ ಊರಿಗೆ ಯಾವ ಒಳ್ಳೆಯ ಕೋಚ್ ಬರುತ್ತಾರೆ?

ಈಗ ಹಣದ ಮಾತು. ನನಗೆ ನಿಜವಾದ ಭಯ ಇರುವುದು ಇಲ್ಲೇ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರದಿಂದ ಸಂಪಾದಿಸಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ, ಹೌಸ್ ಎಂಬ ಮೊಕದ್ದಮೆಯ ಒಪ್ಪಂದದಿಂದ ವಿಶ್ವವಿದ್ಯಾಲಯಗಳೇ ತಮ್ಮ ಆಟಗಾರರಿಗೆ ಹಣ ಹಂಚಬಹುದು, ಮೊದಲ ವರ್ಷದ (2025-26) ಮಿತಿ ಸುಮಾರು 2.05 ಕೋಟಿ ಡಾಲರ್. ಇದು ಆಗಬೇಕಾಗಿದ್ದ ನ್ಯಾಯ. ಲಕ್ಷ ಜನ ಟಿಕೆಟ್ ಕೊಂಡು ನೋಡುವ ಆಟದಲ್ಲಿ ಮೂಳೆ ಮುರಿದುಕೊಳ್ಳುವವನಿಗೆ ಮಾತ್ರ ಏನೂ ಇಲ್ಲ ಅನ್ನುವುದನ್ನು ನಾನು ಎಂದೂ ಒಪ್ಪಿರಲಿಲ್ಲ. ಆದರೆ ಕ್ವಾರ್ಟರ್‌ಬ್ಯಾಕ್‌ಗೆ ಎಲ್ಲರಿಗಿಂತ ಹೆಚ್ಚು ಹಣ ಹೋಗುತ್ತದೆ. ಅಷ್ಟು ಕೊಟ್ಟ ಮೇಲೆ ಬೆಂಚಿನಲ್ಲಿ ಕೂರಿಸಲು ಆಗುತ್ತದೆಯೇ ಅನ್ನುವ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ನಮ್ಮ ಮನವಿಯ ಮೂರನೇ ಸಾಲಿನಲ್ಲೇ ಅದು ಇದೆ: "ನಾವು ಕೊಟ್ಟ ಹಣಕ್ಕೆ ಅವನು ಆಡಬೇಕು." ಬಂಧುಗಳೇ, ಆ ಸಾಲನ್ನು ದಯವಿಟ್ಟು ಇನ್ನೊಮ್ಮೆ ಓದಿ. ನಾವು ಹುಡುಗನ ಓದಿಗೆ, ತರಬೇತಿಗೆ, ಅವನ ಶ್ರಮಕ್ಕೆ ಕೊಟ್ಟೆವು. ಮೊದಲ ಸ್ಥಾನವನ್ನು ಕೊಂಡುಕೊಳ್ಳಲಿಲ್ಲ.

ಟೆನೆಸಿಯ ಕೋಚ್ ಜಾಶ್ ಹ್ಯೂಪಲ್ 2025ರ ಏಪ್ರಿಲ್‌ನಲ್ಲಿ ಈ ಗೆರೆಯನ್ನು ಎಳೆದು ತೋರಿಸಿದರು. ಹಿಂದಿನ ಸೀಸನ್‌ನಲ್ಲಿ ತಂಡವನ್ನು ಪ್ಲೇಆಫ್‌ಗೆ (ರಾಷ್ಟ್ರೀಯ ಪ್ರಶಸ್ತಿಯ ಕೊನೆಯ ಸುತ್ತುಗಳಿಗೆ) ಕೊಂಡೊಯ್ದಿದ್ದ ಕ್ವಾರ್ಟರ್‌ಬ್ಯಾಕ್ ನಿಕೊ ಇಯಮಾಲಿಯಾವಾ ಅವರ ಹಣದ ಮಾತುಕತೆ ನಡೆಯುತ್ತಿರುವ ಸುದ್ದಿ ಹರಡಿತ್ತು. ಅದರ ನಡುವೆ ಅವರು ಅಭ್ಯಾಸಕ್ಕೆ ಬರಲಿಲ್ಲ. ಮರುದಿನವೇ, ತಂಡಕ್ಕಿಂತ ದೊಡ್ಡವರು ಯಾರೂ ಇಲ್ಲ ಅಂತ ಹೇಳಿ ಹ್ಯೂಪಲ್ ದಾರಿ ಬೇರೆ ಮಾಡಿಕೊಂಡರು. ಹುಡುಗ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯಕ್ಕೆ ಹೋದ, ಅಲ್ಲಿದ್ದ ಜೋಯಿ ಅಗಿಲಾರ್ ಟೆನೆಸಿಗೆ ಬಂದ. ಹೆಚ್ಚು ಹಣ ಕೇಳಿದ್ದಕ್ಕೆ ಹುಡುಗನನ್ನು ಬೈಯಲು ನನಗೆ ಮನಸ್ಸಿಲ್ಲ. ಕೇಳುವುದು ಅವನ ಹಕ್ಕು. ಅಭ್ಯಾಸಕ್ಕೆ ಬಾರದವನ ಜೊತೆ ಮುಂದುವರಿಯಬೇಕೋ ಬೇಡವೋ ಅನ್ನುವುದು ಕೋಚ್ ಹಕ್ಕು. ಅವರಿಬ್ಬರ ನಡುವೆ ದಾನಿಗಳಿಗೆ ಕೆಲಸವಿರಲಿಲ್ಲ.

ಇಲ್ಲಿಯವರೆಗೆ ಓದಿದವರಲ್ಲಿ ಒಬ್ಬರಾದರೂ ಕೇಳುತ್ತೀರಿ: ಹಾಗಾದರೆ ಕೋಚ್ ಏನು ಮಾಡಿದರೂ ಸರಿಯೇ? ಸರಿಯಲ್ಲ. ಇದನ್ನು ಮರೆಮಾಚಿ ನಾನು ಪತ್ರ ಮುಗಿಸಲಾರೆ.

ಬಹುಕಾಲ ಈ ದೇಶದ ಕೋಚ್‌ಗಳು ಇದೇ ಅಧಿಕಾರದಿಂದ ಕಪ್ಪು ಹುಡುಗರಿಗೆ ಕ್ವಾರ್ಟರ್‌ಬ್ಯಾಕ್ ಸ್ಥಾನದ ಬಾಗಿಲು ಮುಚ್ಚಿದ್ದರು. ನೀನು ವೇಗವಾಗಿ ಓಡುತ್ತೀಯ, ರಿಸೀವರ್ ಆಗು, ಡಿಫೆನ್ಸ್ ಆಡು ಅನ್ನುತ್ತಿದ್ದರು. ಈ ಸ್ಥಾನಕ್ಕೆ ಬೇಕಾದ ಬುದ್ಧಿ ಅವರಿಗಿಲ್ಲ ಅನ್ನುವುದು ಅದರ ಹಿಂದಿನ ಹೇಳದ ಮಾತು. ಕಾಂಡ್ರೆಜ್ ಹಾಲೊವೇ 1972ರಲ್ಲಿ ಟೆನೆಸಿ ಪರ ಆಡಿ, ಎಸ್‌ಇಸಿಯಲ್ಲಿ ಆಟ ಶುರು ಮಾಡಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಆದರು. ಅವರು ಹುಟ್ಟಿ ಬೆಳೆದದ್ದು ಅಲಬಾಮಾದಲ್ಲಿ. ಅಲಬಾಮಾ ಇನ್ನೂ ಕಪ್ಪು ಕ್ವಾರ್ಟರ್‌ಬ್ಯಾಕ್‌ಗೆ ಸಿದ್ಧವಾಗಿಲ್ಲ ಅಂತ ಬೇರ್ ಬ್ರಯಂಟ್ ತಮಗೆ ಹೇಳಿದ್ದನ್ನು ಹಾಲೊವೇ ಮುಂದೆ ನೆನಪಿಸಿಕೊಂಡಿದ್ದಾರೆ. ಬ್ರಯಂಟ್ ಆ ಕಾಲದ ಅತಿ ದೊಡ್ಡ ಕೋಚ್. ಆ ರಾಜ್ಯದಲ್ಲಿ ಅವರ ಮಾತನ್ನು ಮೀರುವವರು ಯಾರೂ ಇರಲಿಲ್ಲ. ಅಂಥವರು ಜನ ಸಿದ್ಧವಿಲ್ಲ ಅಂದರು.

ಇದನ್ನು ಓದಿದಾಗಲೆಲ್ಲ ನನ್ನ ವಾದ ಕುಸಿದಂತಾಗುತ್ತದೆ. ಆಗ ನಾನು ವಾರೆನ್ ಮೂನ್ ಅವರನ್ನು ನೆನೆಯುತ್ತೇನೆ. ಸ್ಥಾನ ಬದಲಿಸಲು ಒಪ್ಪದೆ, ಲಾಸ್ ಏಂಜಲೀಸ್‌ನ ಜೂನಿಯರ್ ಕಾಲೇಜಿನಲ್ಲಿ ಆಡಿ, 1975ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಬಂದವರು. ಕೋಚ್ ಡಾನ್ ಜೇಮ್ಸ್ ಅವರನ್ನು ಕ್ವಾರ್ಟರ್‌ಬ್ಯಾಕ್ ಮಾಡಿದರು. ಸಿಯಾಟಲ್‌ನ ಸ್ವಂತ ಮೈದಾನದಲ್ಲೇ ಪ್ರೇಕ್ಷಕರು ಮೂನ್ ವಿರುದ್ಧ ಕೂಗಿದರು. 1977ರ ಸೀಸನ್‌ನಲ್ಲಿ ಮೊದಲ ನಾಲ್ಕರಲ್ಲಿ ಮೂರು ಆಟ ಸೋತಾಗ ಆ ಕೂಗು ಎಷ್ಟಿತ್ತು ಅಂತ ಊಹಿಸಿಕೊಳ್ಳಿ. ಜೇಮ್ಸ್ ಬದಲಿಸಲಿಲ್ಲ. ಅದೇ ಸೀಸನ್ನಿನ ಕೊನೆಗೆ, ಜನವರಿ 2, 1978ರ ರೋಸ್ ಬೌಲ್‌ನಲ್ಲಿ ಮಿಷಿಗನ್ ವಿರುದ್ಧ 27-20ರಿಂದ ಗೆದ್ದರು, ಮೂನ್ ಶ್ರೇಷ್ಠ ಆಟಗಾರ. ಹಾಗಿದ್ದೂ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಯಾವ ತಂಡವೂ ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಅವರನ್ನು ಕರೆಯಲಿಲ್ಲ. ಕೆನಡಾಕ್ಕೆ ಹೋಗಿ ಅಲ್ಲಿನ ಲೀಗ್ ಪ್ರಶಸ್ತಿಯಾದ ಗ್ರೇ ಕಪ್ ಐದು ಸಲ ಗೆದ್ದು ಬಂದು, 2006ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಒಂದು ಕಡೆ ಬಾಗಿಲು ಮುಚ್ಚಿದ ಅಧಿಕಾರವೇ ಇನ್ನೊಂದು ಕಡೆ ಜನರ ಕೂಗಿಗೆ ಅಡ್ಡ ನಿಂತು ಬಾಗಿಲು ತೆರೆದಿಟ್ಟಿತು. ಸಿಯಾಟಲ್‌ನಲ್ಲಿ ಅಂದು ಮನವಿಗೆ ಬೆಲೆ ಇದ್ದಿದ್ದರೆ ಮೂನ್ ಬೆಂಚಿನಲ್ಲಿ ಇರುತ್ತಿದ್ದರು. ಕೋಚ್ ಮೈಬಣ್ಣ ನೋಡಿ ಆರಿಸುತ್ತಿದ್ದಾರೆ ಅಂತ ಯಾರಿಗಾದರೂ ಕಂಡರೆ, ಆ ದಿನ ಅವರ ಕೆಲಸವನ್ನೇ ಪ್ರಶ್ನಿಸಿ, ನಾನೂ ಬರುತ್ತೇನೆ. ಆದರೆ ಅದಕ್ಕೆ ಮದ್ದು ಕೋಚನ್ನು ಬದಲಿಸುವುದು. ಕೋಚನ್ನು ಉಳಿಸಿಕೊಂಡು ಹಿಂದಿನಿಂದ ದಾರ ಎಳೆಯುವುದಲ್ಲ.

ಇನ್ನೊಂದು ಗಡಿಯ ವಿಷಯದಲ್ಲಿ ನನಗೆ ಯಾವ ಗೊಂದಲವೂ ಇಲ್ಲ: ತಲೆಗೆ ಪೆಟ್ಟು ಬಿದ್ದಾಗ ಕೋಚ್ ಮಾತು ನಡೆಯಬಾರದು. ಸೆಪ್ಟೆಂಬರ್ 27, 2014ರಂದು ಮಿಷಿಗನ್‌ನ ಕ್ವಾರ್ಟರ್‌ಬ್ಯಾಕ್ ಶೇನ್ ಮಾರಿಸ್ ಮಿನೆಸೋಟಾ ಎದುರು ಪೆಟ್ಟು ತಿಂದು, ನಿಲ್ಲಲಾಗದೆ ಜೊತೆಗಾರನಿಗೆ ಒರಗಿದರು. ಅದಾದ ಮೇಲೂ ಒಂದು ಪ್ಲೇ ಆಡಿದರು, ಹೊರಗೆ ಹೋಗಿ ಮತ್ತೊಮ್ಮೆ ಒಳಬಂದರು. ಮಿದುಳಿಗೆ ಪೆಟ್ಟಾಗಿದ್ದ ಸಂಭವವಿದೆ ಅಂತ ವಿಶ್ವವಿದ್ಯಾಲಯ ಒಪ್ಪಿಕೊಳ್ಳಲು ದಿನಗಳು ಬೇಕಾದವು. ವಿದ್ಯಾರ್ಥಿಗಳು ಅಧ್ಯಕ್ಷರ ಮನೆಯ ಮುಂದೆ ನೆರೆದರು. ಅಕ್ಟೋಬರ್ ಕೊನೆಯಲ್ಲಿ ಅಥ್ಲೆಟಿಕ್ ಡೈರೆಕ್ಟರ್ ರಾಜೀನಾಮೆ ಕೊಟ್ಟರು, ಡಿಸೆಂಬರ್‌ನಲ್ಲಿ ಕೋಚ್ ಬ್ರೇಡಿ ಹೋಕ್ ಕೆಲಸವೂ ಹೋಯಿತು. ಇವತ್ತು ದೊಡ್ಡ ಕಾನ್ಫರೆನ್ಸ್‌ಗಳ ನಿಯಮದಂತೆ ಆಟಗಾರ ಆಡಬಹುದೇ ಇಲ್ಲವೇ ಎನ್ನುವುದು ವೈದ್ಯರ ತೀರ್ಮಾನ, ಕೋಚ್ ಅದನ್ನು ಮೀರುವಂತಿಲ್ಲ. ಆ ವಿದ್ಯಾರ್ಥಿಗಳು ಮಾಡಿದ್ದನ್ನು ನಾನು ಹೊಗಳುತ್ತೇನೆ. ಅವರು ಇಂಥವನನ್ನು ಆಡಿಸಿ ಅಂತ ಕೇಳಲಿಲ್ಲ. ಒಬ್ಬ ಹುಡುಗನ ಮಿದುಳನ್ನು ಕಾಪಾಡಿ ಅಂತ ಕೇಳಿದರು.

ಕೋಚ್‌ಗೆ ಒಂದು ಕರ್ತವ್ಯವೂ ಇದೆ. ಬೆಂಚಿಗೆ ಹೋಗುವವನಿಗೆ ಆ ಸುದ್ದಿ ಕೋಚ್ ಬಾಯಿಂದಲೇ, ಎದುರು ಕೂತು, ಎಲ್ಲರಿಗಿಂತ ಮೊದಲು ಗೊತ್ತಾಗಬೇಕು. 2018ರಲ್ಲಿ ಕ್ಲೆಮ್ಸನ್‌ನ ಕೋಚ್ ಡಾಬೊ ಸ್ವಿನ್ನಿ ನಾಲ್ಕು ಆಟಗಳ ನಂತರ ಕೆಲಿ ಬ್ರಯಂಟ್ ಬದಲು ಫ್ರೆಶ್‌ಮನ್ ಟ್ರೆವರ್ ಲಾರೆನ್ಸ್‌ರನ್ನು ಆರಿಸಿದರು. ತಂಡ 15-0 ಆಗಿ ಪ್ರಶಸ್ತಿ ಗೆದ್ದಿತು, ಆಟದ ಲೆಕ್ಕದಲ್ಲಿ ಆಯ್ಕೆ ಸರಿ. ಆದರೆ ಹಿಂದಿನ ವರ್ಷ ತಂಡವನ್ನು ಪ್ಲೇಆಫ್‌ಗೆ ಒಯ್ದಿದ್ದ ಬ್ರಯಂಟ್‌ಗೆ ಅದು ಕೆನ್ನೆಗೆ ಹೊಡೆದಂತೆ ಆಯಿತು, ಹಾಗೆಂದೇ ಹೇಳಿ ತಂಡ ಬಿಟ್ಟರು. ಆಯ್ಕೆ ಸರಿಯಾದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ.

ಹರ್ಟ್ಸ್ ಬಗ್ಗೆ ಉಳಿದದ್ದನ್ನೂ ಹೇಳಿಬಿಡುತ್ತೇನೆ. ದೇಶವೆಲ್ಲ ನೋಡುತ್ತಿರುವಾಗ ಬೆಂಚಿಗೆ ಹೋದ ಆ ಹುಡುಗ ಮುಂದಿನ ಸೀಸನ್ ಪೂರ್ತಿ ಅಲಬಾಮಾದಲ್ಲೇ ಉಳಿದ. ಡಿಸೆಂಬರ್ 1, 2018, ಅದೇ ಅಟ್ಲಾಂಟಾ ಮೈದಾನ, ಅದೇ ಜಾರ್ಜಿಯಾ. ಟುವಾಗೆ ಪೆಟ್ಟಾಯಿತು, ತಂಡ 28-21 ಹಿಂದಿತ್ತು. ಹರ್ಟ್ಸ್ ಬಂದು ಒಂದು ಟಚ್‌ಡೌನ್ ಎಸೆದು, ಇನ್ನೊಂದನ್ನು ತಾನೇ ಓಡಿ 35-28ರಿಂದ ಗೆಲ್ಲಿಸಿದ. ಆಮೇಲೆ ಒಕ್ಲಹೋಮಾ ವಿಶ್ವವಿದ್ಯಾಲಯ, ಆಮೇಲೆ ಎನ್‌ಎಫ್‌ಎಲ್‌ನ ಫಿಲಡೆಲ್ಫಿಯಾ ತಂಡ, 2025ರ ಫೆಬ್ರುವರಿಯಲ್ಲಿ ಆ ಲೀಗಿನ ಫೈನಲ್ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರ. ಅವತ್ತು ಸೇಬನ್ ಮಾಡಿದ್ದು ತಪ್ಪು ಅಂತ ಇದರಿಂದ ಸಿದ್ಧವಾಗದು, ಹರ್ಟ್ಸ್ ಕಡಿಮೆಯವನು ಅಂತಲೂ ಅಲ್ಲ. ಇಬ್ಬರು ಒಳ್ಳೆಯ ಹುಡುಗರಿದ್ದರು, ಜಾಗ ಒಂದೇ ಇತ್ತು.

ನಮ್ಮಲ್ಲೂ ಈಗ ಅಷ್ಟೇ ಇರುವುದು. ಮನವಿಯಲ್ಲಿ ಈಗಿನ ಕ್ವಾರ್ಟರ್‌ಬ್ಯಾಕ್ ಬಗ್ಗೆ ಬಳಸಿರುವ ಮಾತುಗಳನ್ನು ನಾನು ಇಲ್ಲಿ ಮತ್ತೆ ಬರೆಯಲಾರೆ. ಅವನಿಗೆ ಇಪ್ಪತ್ತು ವರ್ಷ. ನಮ್ಮ ಗುಂಪಿನ ಇಬ್ಬರ ಮಕ್ಕಳು ಅವನ ಜೊತೆ ಒಂದೇ ಕ್ಲಾಸಿನಲ್ಲಿ ಕೂರುತ್ತಾರೆ. ಸೋತ ಮೇಲಿನ ಸೋಮವಾರವೂ ಅವನು ಬಂದು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ನೋಟ್ಸ್ ಬರೆದುಕೊಂಡನಂತೆ. ನಮ್ಮ ಮಗನ ಪರೀಕ್ಷೆ ಕೆಟ್ಟರೆ ಊರಿನವರೆಲ್ಲ ಸಹಿ ಹಾಕಿ ಪ್ರಿನ್ಸಿಪಾಲರಿಗೆ ಕೊಡುವುದನ್ನು ನಾವು ಸಹಿಸುತ್ತೇವೆಯೇ?

ವಿಶ್ವವಿದ್ಯಾಲಯಕ್ಕೆ ಏನಾದರೂ ಬರೆಯಲೇಬೇಕು ಅನ್ನಿಸಿದರೆ ಬೇರೆ ಪತ್ರ ಬರೆಯೋಣ, ಕರಡು ನಾನೇ ಮಾಡುತ್ತೇನೆ. ಯಾವ ಆಟಗಾರನ ಒಪ್ಪಂದದಲ್ಲಾದರೂ ಮೊದಲ ಸ್ಥಾನದ ಭರವಸೆ ಕೊಟ್ಟಿದ್ದೀರಾ ಅಂತ ಕೇಳೋಣ. ತಂಡದ ವೈದ್ಯರು ಯಾರ ಕೈಕೆಳಗೆ ಕೆಲಸ ಮಾಡುತ್ತಾರೆ ಅಂತ ಕೇಳೋಣ. ಸೋತ ರಾತ್ರಿ ಫೋನಿಗೆ ಬರುವ ಬೈಗುಳ ಓದುವ ಹುಡುಗರಿಗೆ ಮಾತಾಡಲು ಯಾರಿದ್ದಾರೆ ಅಂತ ಕೇಳೋಣ. ಸೀಸನ್ ಮುಗಿದ ಮೇಲೆ ಈ ಕೋಚ್ ಬೇಡ ಅನ್ನಿಸಿದರೆ ಅದನ್ನೂ ಬರೆಯೋಣ, ಆಗ ನನ್ನ ಸಹಿ ಬೇಕಿದ್ದರೆ ಮನೆಗೆ ಬಂದು ಕೇಳಿ. ಈಗಿನ ಮನವಿಯನ್ನು ಮಾತ್ರ ಗುರುವಾರದೊಳಗೆ ಹಿಂದಕ್ಕೆ ತೆಗೆದುಕೊಳ್ಳಿ ಅಂತ ಕೈಮುಗಿದು ಕೇಳುತ್ತೇನೆ. ಸಹಿ ಹಾಕಿದ ಹನ್ನೆರಡು ಜನರಲ್ಲಿ ನಾಲ್ವರು ಆಗಲೇ ನನ್ನ ಜೊತೆ ಮಾತಾಡಿದ್ದಾರೆ. ಇಬ್ಬರು ಹೆಸರು ತೆಗೆಯಲು ಒಪ್ಪಿದ್ದಾರೆ, ಇಬ್ಬರು ಒಪ್ಪಿಲ್ಲ.

ಶನಿವಾರ ಮಧ್ಯಾಹ್ನ 12ಕ್ಕೆ ಆಟ. ಯಾರು ಶುರು ಮಾಡುತ್ತಾರೆ ಅಂತ ಕೋಚ್ ಇನ್ನೂ ಹೇಳಿಲ್ಲ. ನಾವು 9 ಗಂಟೆಗೆಲ್ಲ ಸ್ಟೇಡಿಯಂ ಹೊರಗಿನ ಪಾರ್ಕಿಂಗ್‌ನಲ್ಲಿ, ಯಾವಾಗಿನ ಜಾಗದಲ್ಲೇ ಇರುತ್ತೇವೆ. ಮನೆಯವರು ಪುಳಿಯೋಗರೆ ತರುತ್ತಾರೆ. ಮನವಿ ಬರೆದ ತಮ್ಮನಿಗೂ ಹೇಳಿದ್ದೇನೆ, ಬರುತ್ತೇನೆ ಅಂದಿದ್ದಾರೆ. ನನ್ನ ಹತ್ತಿರ ಎರಡು ಟಿಕೆಟ್ ಹೆಚ್ಚಿಗೆ ಇವೆ, ಬೇಕಾದವರು ಶುಕ್ರವಾರ ಸಂಜೆಯೊಳಗೆ ತಿಳಿಸಿ.

ಇಂತಿ ನಿಮ್ಮವ,
ಸಹಿ ಹಾಕದ ಒಬ್ಬ ಹಳೆಯ ವಿದ್ಯಾರ್ಥಿ